ಎರಡು ವ್ಯಾನು, ಒಂದೇ ಗಂಟಲು

ಮಾರ್ಚ್ ೧೯

ತಮ್ಮಾ,

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀನು ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದೀಯ, ನಾನು ನಿನ್ನ ಬಾಯಿಂದ ಒದ್ದೆ ಬಟ್ಟೆ ಎಳೆಯುತ್ತಿದ್ದೇನೆ. ನಾನು ದಿನಾ ಇಸ್ತ್ರಿ ಮಾಡುವ ಆಸ್ಪತ್ರೆಯ ಹಾಸಿಗೆ ಬಟ್ಟೆಯೇ, ಅಂಚಿಗೆ ನೀಲಿ ಗೆರೆ ಇರುವಂಥದ್ದು. ಎಳೆದಷ್ಟೂ ಬರುತ್ತಿದೆ. ಮೇಲ್ವಿಚಾರಕ ಬಾಗಿಲಲ್ಲಿ ನಿಂತು, "ಬೇಗ ಬೇಗ, ಇನ್ನೂ ಹೆರಿಗೆ ವಾರ್ಡಿನದ್ದು ಬಾಕಿ ಇದೆ" ಅನ್ನುತ್ತಿದ್ದಾನೆ. ಎಚ್ಚರವಾದಾಗ ನನ್ನ ಕೈಯಲ್ಲಿ ಅಮ್ಮನ ಹೊದಿಕೆ ಇತ್ತು. ಪಾಪ, ಅವಳು ಪಕ್ಕದಲ್ಲಿ ಮುದುಡಿಕೊಂಡು ಮಲಗಿದ್ದಳು.

ಕನಸಲ್ಲವೇ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನಿನ್ನ ಕಾಗದ ಬಂದ ಮರುದಿನವೇ ಇಂಥದ್ದು ಬಿದ್ದರೆ ಹೇಗೆ ಬಿಡಲಿ? ಗಂಟಲಲ್ಲಿ ಸಣ್ಣ ಗಂಟು, ಡಾಕ್ಟರು ಮಾತೇ ಆಡಬೇಡ ಅಂದಿದ್ದಾರೆ, ಅದಕ್ಕೇ ಇನ್ನು ಫೋನು ಮಾಡುವುದಿಲ್ಲ, ಕಾಗದ ಬರೆಯುತ್ತೇನೆ. ಅಷ್ಟೇ ಬರೆದಿದ್ದೀಯ. ಸಣ್ಣದು ಅಂದರೆ ಎಷ್ಟು ಸಣ್ಣದು? ಸಾಸಿವೆಯಷ್ಟಾ, ಕಡಲೆಯಷ್ಟಾ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ನನಗೆ ಗೊತ್ತಿಲ್ಲದ್ದು ಗೊತ್ತಿರುವುದಕ್ಕಿಂತ ದೊಡ್ಡದಾಗಿ ಕಾಣಿಸುತ್ತದೆ.

ಮಾತಾಡಬೇಡ ಅಂದರೆ ನೀನು ಬದುಕುವುದು ಹೇಗೆ? ಬಟ್ಟೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ಬಸ್ ನಿಲ್ದಾಣದ "ಪ್ರಯಾಣಿಕರ ಗಮನಕ್ಕೆ" ತನಕ ದನಿ ಮಾರಿಯೇ ಅನ್ನ ತಿನ್ನುವವನು ನೀನು. ಅದರ ಮೇಲೆ ಪಾರ್ಲಿಮೆಂಟ್ ಚುನಾವಣೆ ಬಂದು ಕೂತಿದೆ. ನಿಮ್ಮ ಸ್ಟುಡಿಯೊ ಯಜಮಾನರು ಈ ಸುಗ್ಗಿಯಲ್ಲಿ ನಿನ್ನನ್ನು ಸುಮ್ಮನೆ ಕೂರಿಸುತ್ತಾರೆಯೇ?

ನಮ್ಮ ಆಸ್ಪತ್ರೆಯ ದೊಡ್ಡ ನರ್ಸಮ್ಮನನ್ನು ಕೇಳಿದೆ. ಪಿಸುಮಾತು ಕೂಡ ಆಡಬಾರದಂತೆ. ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಎಳೆತ ಹೆಚ್ಚಂತೆ. ಮಾತು ಬೇಡ ಅಂದರೆ ಬೇಡವೇ.

ಅಮ್ಮನಿಗೆ ಹೇಳಿಲ್ಲ. ಫೋನಿನ ಲೈನು ಸರಿಯಿಲ್ಲ ಅಂದೆ. "ಲೈನು ಸರಿಯಿಲ್ಲವೋ, ಅವನು ಸರಿಯಿಲ್ಲವೋ?" ಅಂತ ಕೇಳಿದಳು. ಹೋದ ಸಲ ಮದುವೆ ಮಾತೆತ್ತಿದ್ದಕ್ಕೆ ನಿನಗೆ ಸಿಟ್ಟು ಬಂದಿದೆ ಅಂದುಕೊಂಡಿದ್ದಾಳೆ. ಕಣ್ಣಿನ ಮಂಜು ಹೆಚ್ಚಾಗಿದೆ. ಈಗ ಅವಳಿಗೆ ಎಲ್ಲರೂ ಬರೀ ದನಿಗಳೇ.

ಅಕ್ಕ


ಮಾರ್ಚ್ ೨೭

ಅಕ್ಕ,

ಸಾಸಿವೆಯೂ ಅಲ್ಲ, ಕಡಲೆಯೂ ಅಲ್ಲ, ಅಕ್ಕಿಕಾಳಿನಷ್ಟು. ಹೆಸರು ದೊಡ್ಡದಿದೆ, ಬರೆದರೆ ನೀನು ಹೆದರುತ್ತೀಯ. ಮೊದಲು ಗಂಟಲಿಗೆ ಪೂರ್ತಿ ವಿಶ್ರಾಂತಿ, ಆಮೇಲೆ ನೋಡಿ ತೆಗೆಯುವುದೋ ಬಿಡುವುದೋ ಹೇಳುತ್ತಾರಂತೆ.

ಕೆಲಸದ ಚಿಂತೆ ಬೇಡ. ನಾನೀಗ ಮೈಕಿನ ಮುಂದೆ ಕೂರುವುದಿಲ್ಲ, ಬೇರೆಯವರ ದನಿ ಕತ್ತರಿಸಿ ಜೋಡಿಸುತ್ತೇನೆ. ಯಜಮಾನರ ಜತೆ ಮಾತಿಗೆ ಒಂದು ಸ್ಲೇಟು ತಂದಿದ್ದೇನೆ. ನಾನು ಬರೆದು ತೋರಿಸಿದರೆ ಅವರು ಕನ್ನಡಕ ಹುಡುಕುತ್ತಾರೆ. ಕನ್ನಡಕ ಸಿಗುವಷ್ಟರಲ್ಲಿ ಹೇಳಬೇಕಾದದ್ದು ನನಗೇ ಮರೆತಿರುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಯಜಮಾನರಿಗೆ ಮಾತ್ರ ಬೆಳ್ಳಿಯೇ ಬೇಕು.

ಅಮ್ಮನಿಗೆ ಸಿಟ್ಟಿಲ್ಲ ಅಂತ ಹೇಳು. ಸುಸ್ತು ಅಷ್ಟೇ. ಕನಸಿಗೆಲ್ಲ ತಲೆ ಕೆಡಿಸಿಕೊಳ್ಳಬೇಡ, ಇಡೀ ದಿನ ಬಟ್ಟೆ ಇಸ್ತ್ರಿ ಮಾಡುವವಳಿಗೆ ಕನಸಿನಲ್ಲಿ ಬಟ್ಟೆ ಬಾರದೆ ಆನೆ ಬರುತ್ತದೆಯೇ?

ನಿನ್ನ ತಮ್ಮ


ಏಪ್ರಿಲ್ ೪

ತಮ್ಮಾ,

ಕಾಗದ ಸಿಕ್ಕಿತು. ಓದಿ ಸ್ವಲ್ಪ ನಿದ್ದೆ ಬಂತು. ಆದರೆ ಅದು ಎರಡೇ ದಿನ.

ಸೋಮವಾರ ಮಧ್ಯಾಹ್ನ ಆಸ್ಪತ್ರೆಯಿಂದ ಊಟಕ್ಕೆ ಮನೆಗೆ ಬಂದಿದ್ದೆ. ಅಮ್ಮ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಾಳೆ, ಮುಖವೆಲ್ಲ ಅರಳಿದೆ. "ಪುಟ್ಟ ಬಂದಿದ್ದಾನೆ ಕಣೇ, ಬೀದಿಯಲ್ಲಿ ಯಾರ ಜತೆಯೋ ಮಾತಾಡುತ್ತಿದ್ದಾನೆ" ಅಂದಳು. ನಾನೂ ಕಿಟಕಿಗೆ ಓಡಿದೆ. ನೋಡಿದರೆ ಚುನಾವಣೆಯ ವ್ಯಾನು. ಇಲ್ಲಿ ವಕೀಲರಮ್ಮ ಒಬ್ಬರು ನಿಂತಿದ್ದಾರೆ, ಅವರದ್ದು. ಮೇಲೆ ಎರಡು ಹಾರ್ನು ಕಟ್ಟಿಕೊಂಡು ನಿನ್ನ ದನಿಯಲ್ಲಿ, "ನಿಮ್ಮ ನೋವಿಗೆ ದನಿಯಾಗುವ ನಿಮ್ಮ ಮಗಳು" ಅನ್ನುತ್ತಾ ಹೋಯಿತು. ಅಮ್ಮ ಕೈ ಬೀಸಿದಳು.

ಅದು ಹೋಗಿ ಸ್ವಲ್ಪ ಹೊತ್ತಿಗೆ ಕಂಟ್ರಾಕ್ಟರ ವ್ಯಾನು ಬಂತು. ನಮ್ಮ ಆಸ್ಪತ್ರೆಯ ಹೊಸ ಗೋಡೆ ಕಟ್ಟಿಸಿದ್ದಾರಲ್ಲ, ಈಗಲೇ ಬಿರುಕು ಬಿಟ್ಟಿರುವುದು, ಅವರೇ ಅಭ್ಯರ್ಥಿ. ಅದರಲ್ಲೂ ನೀನೇ. ಬೇರೆಯವರಿಗೆ ಗೊತ್ತಾಗದ ಹಾಗೆ ದನಿಯನ್ನು ದಪ್ಪ ಮಾಡಿ, ಕೆಳಗೆ ಒತ್ತಿ ಹೇಳಿದ್ದೀಯ. "ಬಂಧುಗಳೇ" ಅನ್ನುವಾಗ ಕೊನೆಗೆ ಉಸಿರು ಎಳೆದುಕೊಳ್ಳುವುದು ನಿನ್ನ ಹೊರತು ಯಾರಿಗಿದೆ? ಅಮ್ಮ, "ಈಗ ತಾನೇ ಚೆನ್ನಾಗಿದ್ದ, ಅಷ್ಟರಲ್ಲಿ ನೆಗಡಿಯಾಗಿದೆ. ಬಿಸಿಲಲ್ಲಿ ತಲೆಗೆ ಏನೂ ಕಟ್ಟಿಕೊಳ್ಳುವುದಿಲ್ಲ ಇವನು" ಅಂತ ಬೈದುಕೊಂಡಳು.

ಒಬ್ಬರನ್ನೊಬ್ಬರು ಬಾಯಿಗೆ ಬಂದ ಹಾಗೆ ಬೈಯುವುದು, ಎರಡೂ ಬಾಯಿ ನಿನ್ನದೇ. ಬೇರೆಯವರಾಗಿದ್ದರೆ ನಾನೂ ನಗುತ್ತಿದ್ದೆ. ನೀನು ಮೈಕಿನ ಮುಂದೆ ಕೂರುತ್ತಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ಇದು ಯಾರು?

ಇಲ್ಲಿ ಎಲ್ಲರೂ ಒಬ್ಬೊಬ್ಬರ ಕಡೆ ಆಗಿಬಿಟ್ಟಿದ್ದಾರೆ. ನಮ್ಮ ಮೇಲ್ವಿಚಾರಕ ಅಂಗಿಗೆ ಕಂಟ್ರಾಕ್ಟರ ಬಿಲ್ಲೆ ಸಿಕ್ಕಿಸಿಕೊಂಡೇ ಕೆಲಸಕ್ಕೆ ಬರುತ್ತಾನೆ. ಮೂರನೆಯವನೊಬ್ಬ ನಿಂತಿದ್ದಾನೆ, ಬೀಗದ ಕೈ ಮಾಡುವವನು, ಯಾವ ಪಕ್ಷವೂ ಇಲ್ಲ. ಅವನಿಗೆ ವ್ಯಾನಿಲ್ಲ, ನಡೆದುಕೊಂಡೇ ಬರುತ್ತಾನೆ. ಅವನ ದನಿ ಅವನದ್ದೇ, ಕೇಳಲಾಗದು.

ಅಕ್ಕ


ಏಪ್ರಿಲ್ ೧೦

ಅಕ್ಕ,

ಎಲ್ಲ ಹಳೆಯದು. ಚುನಾವಣೆ ಬರುತ್ತದೆ ಅಂತ ಫೆಬ್ರುವರಿಯಲ್ಲೇ ಹೇಳಿಸಿ ಇಟ್ಟುಕೊಂಡಿದ್ದರು. ಆಗ ಗಂಟಲು ಸರಿಯಿತ್ತು. ನಮ್ಮ ಸ್ಟುಡಿಯೊದಿಂದ ಊರೂರಿಗೆ ಹೋಗಿದೆ, ಎಷ್ಟು ಊರಲ್ಲಿ ಎಷ್ಟು ಜನರ ಪರವಾಗಿ ನಾನು ಕೈ ಮುಗಿಯುತ್ತಿದ್ದೇನೋ ನನಗೇ ತಿಳಿಯದು. ಎರಡು ಕಡೆಯ ಗುತ್ತಿಗೆಯನ್ನೂ ಯಜಮಾನರೇ ಹಿಡಿದದ್ದು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನೀನೂ ಯಾರ ಹತ್ತಿರವೂ ಆಡಬೇಡ.

ನಾನು ಸುಮ್ಮನಿದ್ದೇನೆ. ನಂಬು.

ನಿನ್ನ ತಮ್ಮ


ಏಪ್ರಿಲ್ ೧೬

ತಮ್ಮಾ,

ನಂಬಿದ್ದೆ. ನಿನ್ನೆಯವರೆಗೂ ನಂಬಿದ್ದೆ.

ನಿನ್ನೆ ಬೀಗದ ಕೈಯವನು ನಮ್ಮ ಬೀದಿಗೆ ಬಂದಿದ್ದ. ಬಾಗಿಲಲ್ಲಿ ನಿಂತು, "ಅಮ್ಮಾ, ನಂಗೆ ಏಳನೇ ನಂಬರ್ ಬಂದಿದೆ. ಬೀಗದ ಕೈ ಗುರ್ತು ಕೇಳಿದ್ದೆ, ಬಕೆಟ್ ಕೊಟ್ಟಿದ್ದಾರೆ. ಏಳನೇದು, ಬಕೆಟ್ಟು" ಅಂದ. ನಾನು ಸುಮ್ಮನೆ ಕೇಳಿದೆ, ಈ ನಂಬರು ಯಾವಾಗ ಕೊಡ್ತಾರಪ್ಪಾ ಅಂತ. "ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗಿದ ಮೇಲೇನೇ ಅಮ್ಮಾ. ಎಷ್ಟು ಜನ ಉಳಿದ್ರು ಅಂತ ಗೊತ್ತಾಗದೆ ನಂಬರ್ ಹೆಂಗೆ ಹಾಕ್ತಾರೆ? ಮೊನ್ನೆ ತಾನೆ ಕೊಟ್ಟಿದ್ದು" ಅಂದ.

ಅವನು ಇನ್ನೂ ಗೇಟು ದಾಟಿರಲಿಲ್ಲ, ಕಂಟ್ರಾಕ್ಟರ ವ್ಯಾನು ಬಂತು. ಅದರಲ್ಲಿ ನೀನು, "ಕ್ರಮ ಸಂಖ್ಯೆ ಮೂರು, ಮರೆಯದಿರಿ ಮೂರು" ಅಂದೆ.

ಫೆಬ್ರುವರಿಯಲ್ಲಿ ನಿನಗೆ ಮೂರು ಅಂತ ಯಾರು ಹೇಳಿದರು?

ನಾನು ನಾಲ್ಕನೇ ಕ್ಲಾಸೂ ಮುಗಿಸದವಳು, ನನಗೆ ಚುನಾವಣೆಯ ಕಟ್ಟಳೆ ತಿಳಿಯುವುದಿಲ್ಲ. ಆದರೆ ಹೆದರಿಕೆ ಇರುವವರಿಗೆ ಕಿವಿ ಚೂಪು. ಆ "ಮೂರು" ಅನ್ನುವಾಗ ನಿನ್ನ ದನಿ ಒಡೆದಿದೆ. ಒಡೆದದ್ದನ್ನು ಯಂತ್ರದಲ್ಲಿ ಒರೆಸಿದ್ದೀಯ, ಆದರೂ ಸರಿಯಾಗಿ ಇಸ್ತ್ರಿಯಾಗದ ಮಡಿಕೆಯ ಹಾಗೆ ಕಾಣಿಸುತ್ತದೆ. ಅಮ್ಮನೂ, "ಇವನ ನೆಗಡಿ ಹೋಗಲೇ ಇಲ್ಲ" ಅಂದಳು.

ನಿಜ ಬರೆ. ಸುಳ್ಳು ಬರೆಯುವುದಾದರೆ ಅಂಚೆಗೆ ಹಾಕುವ ಕಷ್ಟ ತಗೊಳ್ಳಬೇಡ.

ಅಕ್ಕ


ಏಪ್ರಿಲ್ ೨೧

ಅಕ್ಕ,

ಹೌದು, ಹೇಳುತ್ತಿದ್ದೇನೆ. ದಿನಾ ಅಲ್ಲ. ವಾರಕ್ಕೆ ಮೂರು ನಾಲ್ಕು ಸಲ.

ವಕೀಲರಮ್ಮನದ್ದು ನನ್ನ ಸಹಜ ದನಿ, ಅದು ಕಷ್ಟವಿಲ್ಲ. ಕಂಟ್ರಾಕ್ಟರದ್ದೇ ತೊಂದರೆ. ದನಿಯನ್ನು ಎದೆಗೆ ಇಳಿಸಿ ಒತ್ತಬೇಕು. ಅರ್ಧ ನಿಮಿಷ ಹೇಳಿದರೆ ಗಂಟಲಲ್ಲಿ ಮರಳು ಉಜ್ಜಿದ ಹಾಗಾಗುತ್ತದೆ. ಒಂದೊಂದು ವಾಕ್ಯ ಹೇಳಿ ಬಿಸಿನೀರು ಕುಡಿಯುತ್ತೇನೆ, ಆಮೇಲೆ ಜೋಡಿಸುತ್ತೇನೆ. ಡಾಕ್ಟರಿಗೆ ಗೊತ್ತಿಲ್ಲ. ಹೋದ ವಾರ ನೋಡಿ, "ನೀವು ನಿಜವಾಗಿ ಸುಮ್ಮನಿದ್ದೀರಾ?" ಅಂದರು. ಸ್ಲೇಟಿನ ಮೇಲೆ ಹೌದು ಅಂತ ಬರೆದೆ. ಬರೆದು ಸುಳ್ಳು ಹೇಳುವುದು ಬಾಯಲ್ಲಿ ಹೇಳುವುದಕ್ಕಿಂತ ಸುಲಭ, ದನಿ ನಡುಗುವುದಿಲ್ಲವಲ್ಲ.

ನೀನು ಹೇಳಬಹುದು, ಬಿಟ್ಟುಬಿಡು ಅಂತ. ಬಿಟ್ಟರೆ ಇನ್ನೊಂದು ಪಾರ್ಲಿಮೆಂಟ್ ಚುನಾವಣೆಗೆ ಐದು ವರ್ಷ. ಅಷ್ಟರಲ್ಲಿ ಯಂತ್ರವೇ ನನ್ನಂತೆ ಕೂಗಲು ಕಲಿತಿರುತ್ತದೆ. ಯಜಮಾನರು ಆಗಲೇ ಒಂದು ಹುಡುಗಿಯ ದನಿ ಕೇಳಿ ನೋಡಿದ್ದಾರೆ, ಕಾಲೇಜಿನವಳು, ಗಾಜಿನ ಹಾಗೆ ಸ್ವಚ್ಛವಾಗಿದೆ. ಒಂದು ಸಲ ಆ ಕುರ್ಚಿಯಿಂದ ಎದ್ದೆನೆಂದರೆ ಮತ್ತೆ ಕೂರಲು ಬಿಡುವುದಿಲ್ಲ. ಅಕ್ಕ, ಆ ಕುರ್ಚಿಯ ಹೊರಗೆ ನಾನು ಯಾರು? ಬೀದಿಯಲ್ಲಿ ನನ್ನ ಮುಖ ಒಬ್ಬರಿಗೂ ಗೊತ್ತಿಲ್ಲ.

ಬಹಿರಂಗ ಪ್ರಚಾರ ಮುಗಿಯುವ ತನಕ ಅಷ್ಟೇ. ಆಮೇಲೆ ಡಾಕ್ಟರು ಹೇಳಿದ ಹಾಗೆ ಕೇಳುತ್ತೇನೆ.

ನಿನ್ನ ಕಾಗದದಲ್ಲಿ ಅಲ್ಲಲ್ಲಿ ಶಾಯಿ ಕದಡಿತ್ತು. ಅಳಬೇಡ.

ನಿನ್ನ ತಮ್ಮ


ಏಪ್ರಿಲ್ ೨೭

ತಮ್ಮಾ,

ಅತ್ತಿಲ್ಲ. ಇಸ್ತ್ರಿಗೆ ಚಿಮುಕಿಸುವ ನೀರು ಅದು. ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲಿಟ್ಟೇ ಬರೆಯುವುದು.

ನಾನೊಂದು ಕೆಲಸ ಮಾಡಿದ್ದೇನೆ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ದೊಡ್ಡ ನರ್ಸಮ್ಮನಿಗೆ ಓದಿ ಹೇಳಿದೆ. ನನ್ನ ತಮ್ಮ ಅಂತ ಹೇಳಲಿಲ್ಲ, ಯಾರೋ ಪರಿಚಯದವರು ಅಂದೆ. ಅವರು ಕಾಫಿ ಗ್ಲಾಸು ಕೆಳಗಿಟ್ಟು, "ಮರಳು ಉಜ್ಜಿದ ಹಾಗೆ ಅಂದ್ರಾ? ಹಂಗಾದ್ಮೇಲೂ ಒತ್ತಿ ಮಾತಾಡಿದ್ರೆ ಗಂಟು ಹೋಗಿ ಗಾಯ ಆಗತ್ತೆ. ಗಾಯ ಒಣಗಿ ಗಟ್ಟಿಯಾದ್ರೆ ದನಿ ಮುಗೀತು. ಯಾರು ಅದು, ನಿನ್ನ ತಮ್ಮ ತಾನೆ?" ಅಂದರು.

ಇನ್ನು ಏನಾದರೂ ಮಾಡಲೇಬೇಕಿತ್ತು. ನಿನಗೆ ಬರೆದರೆ ಏನಾಗುತ್ತದೆ? ನೀನು ಇನ್ನೊಂದು ಸಮಾಧಾನ ಬರೆಯುತ್ತೀಯ. ಸ್ಟುಡಿಯೊಗೆ ಬಂದು ಯಜಮಾನರ ಕಾಲು ಹಿಡಿಯೋಣವೆಂದರೆ ಅಮ್ಮನನ್ನು ಯಾರ ಹತ್ತಿರ ಬಿಡಲಿ? ಮೊನ್ನೆ ಮಧ್ಯಾಹ್ನ ನಮ್ಮ ಮನೆ ಮುಂದೆ ನಾಲ್ಕು ರಸ್ತೆ ಕೂಡುವಲ್ಲಿ ಎರಡೂ ವ್ಯಾನು ಎದುರಾಬದುರಾ ಸಿಕ್ಕಿಕೊಂಡವು. ಒಂದು ಹಿಂದೆ ಹೋಗಬೇಕು, ಯಾವುದೂ ಹೋಗದು. ಎರಡರಲ್ಲೂ ನೀನು. ಈ ಕಡೆ ನೀನು, "ಬಿರುಕು ಬಿಟ್ಟ ಗೋಡೆಗಳೇ ಅವರ ಸಾಧನೆ" ಅನ್ನುತ್ತೀಯ. ಆ ಕಡೆ ನೀನು, "ಕೋರ್ಟಿನಲ್ಲಿ ಸುಳ್ಳು ಮಾರುವವರನ್ನು ನಂಬಬೇಡಿ" ಅನ್ನುತ್ತೀಯ. ಜನ ತಮಾಷೆ ನೋಡುತ್ತಿದ್ದರು. ನನಗೆ ಮಾತ್ರ ನೀನು ಒಬ್ಬನೇ ನಿಂತುಕೊಂಡು ನಿನ್ನ ಕೊರಳನ್ನೇ ಎರಡು ಕೈಯಲ್ಲಿ ಹಿಸುಕುತ್ತಿರುವ ಹಾಗೆ ಕಂಡಿತು.

ಕಂಟ್ರಾಕ್ಟರ ವ್ಯಾನು ಓಡಿಸುವವನಿಗೆ ಬೀದಿಯವರೆಲ್ಲ ಹಾರ್ನು ಅಂತ ಕರೆಯುತ್ತಾರೆ. ಅವನ ವ್ಯಾನಿನ ಕಿಟಕಿಯ ಹತ್ತಿರ ಹೋಗಿ ಹೇಳಿದೆ.

"ಅಪ್ಪಾ ಹಾರ್ನು, ಆ ವ್ಯಾನಲ್ಲಿ ಮಾತಾಡ್ತಿರೋನೂ ನಿನ್ನ ವ್ಯಾನಲ್ಲಿ ಮಾತಾಡ್ತಿರೋನೂ ಒಬ್ನೇ."

"ಹೋಗಕ್ಕಾ, ಬಿಸಿಲು ಜಾಸ್ತಿ ಆಗಿದೆ ನಿಂಗೆ."

"ನನ್ನ ತಮ್ಮ ಅವ್ನು. ಬಂಧುಗಳೇ ಅನ್ನೋದನ್ನ ಎರಡರಲ್ಲೂ ಕೇಳಿ ನೋಡು."

ಅವನು ತನ್ನದನ್ನು ನಿಲ್ಲಿಸಿ ಆ ಕಡೆಯದನ್ನು ಕೇಳಿದ. ಮತ್ತೆ ತನ್ನದನ್ನು ಹಾಕಿದ. ಅಷ್ಟರಲ್ಲಿ ಅಮ್ಮ ಮನೆಯ ಕಿಟಕಿಯಿಂದ, "ಎರಡೂ ನನ್ನ ಮಗನೇ ಕಣಪ್ಪಾ. ಒಂದ್ರಲ್ಲಿ ನೆಗಡಿ ಆಗಿದೆ ಅಷ್ಟೇ" ಅಂದಳು. ಹಾರ್ನು ನಗುತ್ತಾ ಇದ್ದವನು ನಗು ನಿಲ್ಲಿಸಿ ಫೋನು ತೆಗೆದ.

ನೀನು ಯಾರ ಹತ್ತಿರವೂ ಆಡಬೇಡ ಅಂದಿದ್ದೆ. ಆಡಿದೆ. ಅಮ್ಮನದ್ದು ತಪ್ಪಿಲ್ಲ, ಅವಳಿಗೆ ಏನೂ ಗೊತ್ತಿಲ್ಲ. ನಾನೇ ಬೇಕೆಂದೇ ಹೇಳಿದೆ. ಅವರು ನಿನ್ನನ್ನು ಬೇಡವೆಂದರೆ ನೀನು ಬಾಯಿ ಮುಚ್ಚುತ್ತೀಯ, ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಅಕ್ಕ


ಮೇ ೩

ಅಕ್ಕ,

ಕಂಟ್ರಾಕ್ಟರ ಕಡೆಯವರು ಸ್ಟುಡಿಯೊಗೆ ಬಂದಿದ್ದರು. ಯಜಮಾನರು ಅವರೆದುರು ನನ್ನನ್ನು ಕರೆದು, "ಇವನು ನಂಗೆ ಗೊತ್ತಿಲ್ದೆ ಆ ಕಡೆಯವರಿಗೂ ಹೇಳಿದ್ದಾನೆ, ನಂಗೆ ಈಗ ತಿಳೀತು" ಅಂದರು. ಎರಡೂ ಗುತ್ತಿಗೆ ಹಿಡಿದವರು ಅವರೇ. ನಾನು ಸ್ಲೇಟು ತೆಗೆದು ಬರೆಯಲು ಹೋದೆ. ಬಂದವರಲ್ಲಿ ಒಬ್ಬ ಸ್ಲೇಟು ಕಿತ್ತುಕೊಂಡು, "ಇಷ್ಟು ದಿನ ಎರಡು ನಾಲಿಗೆ ಇತ್ತು, ಈಗ ಒಂದೂ ಇಲ್ವಾ?" ಅಂದ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು.

ನನ್ನ ಕುರ್ಚಿಯಲ್ಲಿ ಆ ಹುಡುಗಿ ಕೂತಿದ್ದಾಳೆ.

ನಿನ್ನ ಹೆದರಿಕೆಗೆ ನನ್ನ ಹತ್ತು ವರ್ಷ ಕೊಟ್ಟ ಹಾಗಾಯಿತು. ಗಂಟಲು ನನ್ನದಾಗಿತ್ತು, ಏನು ಮಾಡಬೇಕು ಅನ್ನುವುದೂ ನನ್ನದೇ ಆಗಿತ್ತು. ಸದ್ಯಕ್ಕೆ ಬರೆಯಬೇಡ.


ಮೇ ೧೩

ತಮ್ಮಾ,

ಬರೆಯಬೇಡ ಅಂದಿದ್ದೀಯ. ಬರೆಯದೆ ಇರಲು ನೋಡಿದೆ, ಆಗಲಿಲ್ಲ. ಓದದಿದ್ದರೆ ಹಾಗೇ ಇಡು.

ಕಂಟ್ರಾಕ್ಟರ ವ್ಯಾನಿನಲ್ಲಿ ದನಿ ಬದಲಾಯಿತು. ಯಾರೋ ಹೊಸಬ, ಕೊಡ ಬಡಿದ ಹಾಗಿದೆ. ಅಮ್ಮ ಎರಡು ದಿನ ಕಾದು, "ನೆಗಡಿಯಾದವನು ಎಲ್ಲಿ ಹೋದ?" ಅಂತ ಕೇಳಿದಳು. ಮಲಗಿದ್ದಾನೆ ಅಂದೆ. ವಕೀಲರಮ್ಮನದ್ದು ಕೊನೆಯ ದಿನದ ತನಕ ಹಳೆಯದೇ ಓಡಿತು. ಅದು ಬಂದಾಗಲೆಲ್ಲ ಅಮ್ಮ ಸರಳು ಹಿಡಿದು ನಿಲ್ಲುತ್ತಿದ್ದಳು. ನಾನು ಒಳಗೆ ಹೋಗುತ್ತಿದ್ದೆ.

ಮೊನ್ನೆ ವೋಟು ಆಯಿತು. ಅಮ್ಮನನ್ನು ಕೈಹಿಡಿದು ಕರೆದುಕೊಂಡು ಹೋದೆ. ಶಾಲೆಯ ಒಳಗೆ ಸುಣ್ಣದ ವಾಸನೆ, ಸಣ್ಣ ಮಕ್ಕಳ ಬೆಂಚು. ಅಮ್ಮನಿಗೆ ಕಣ್ಣು ಕಾಣದೆಂದು ನನ್ನನ್ನೂ ಜತೆಗೆ ಒಳಗೆ ಬಿಟ್ಟರು. ಯಾರಿಗೆ ಹಾಕಬೇಕಮ್ಮಾ ಅಂದೆ. "ಪುಟ್ಟನಿಗೆ" ಅಂದಳು. ಪುಟ್ಟ ನಿಂತಿಲ್ಲಮ್ಮಾ, ಅವನು ಬರೀ ಹೇಳುವವನು ಅಂದೆ. "ಹಾಗಾದ್ರೆ ಇಷ್ಟು ದಿನ ಕೂಗಿದ್ದು ಯಾರಿಗೆ?" ಅಂದಳು. ಅಲ್ಲಿದ್ದ ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಅವಳು ಹೇಳಿದ ಕಡೆ ಒತ್ತಿದೆ, ಎಲ್ಲಿ ಅಂತ ಬರೆಯಬಾರದು.

ನಾನು ಬೀಗದ ಕೈಯವನಿಗೆ ಹಾಕಿದೆ. ಅವನ ಮೇಲೆ ಭರವಸೆ ಇದ್ದು ಅಲ್ಲ. ಅವನೊಬ್ಬನ ಮಾತು ಮಾತ್ರ ನಿನ್ನ ಗಂಟಲಿಂದ ಬಂದದ್ದಲ್ಲ.

ನನ್ನನ್ನು ಇಸ್ತ್ರಿ ಮೇಜಿನಿಂದ ತೊಳೆಯುವ ಕಡೆಗೆ ಹಾಕಿದ್ದಾರೆ. ಮೇಲ್ವಿಚಾರಕನಿಗೆ ಹಾಗೆ ಅನ್ನಿಸಿತಂತೆ. ಬೇಸಿಗೆಗೆ ತಣ್ಣಗಿದೆ, ಒಳ್ಳೆಯದೇ ಆಯಿತು. ಕೈ ಯಾವಾಗಲೂ ಒದ್ದೆ, ಅದಕ್ಕೇ ಅಕ್ಷರ ಕದಡಿದೆ. ಬೇರೇನೂ ಅಂದುಕೊಳ್ಳಬೇಡ.

ಅಕ್ಕ


ಮೇ ೨೪

ತಮ್ಮಾ,

ಊಟ ಮಾಡುತ್ತಿದ್ದೀಯಾ? ಬಾಡಿಗೆ ಕೋಣೆಯಲ್ಲೇ ಇದ್ದೀಯಾ, ಬಿಟ್ಟೆಯಾ? ಡಾಕ್ಟರ ಹತ್ತಿರ ಹೋದೆಯಾ? ಸಿಟ್ಟಿದ್ದರೆ ಇರಲಿ, ಒಂದು ಕಾರ್ಡಿನಲ್ಲಿ ಸಿಟ್ಟಿದೆ ಅಂತಲೇ ಬರೆದು ಹಾಕು. ಅಕ್ಷರ ನೋಡಿದರೆ ಸಾಕು.

ದೊಡ್ಡ ನರ್ಸಮ್ಮ ದಿನಾ ಕೇಳುತ್ತಾರೆ. ಕಾಗದ ಬಂತು, ಚೆನ್ನಾಗಿದ್ದಾನೆ ಅಂತ ಹೇಳುತ್ತಿದ್ದೇನೆ.

ಅಕ್ಕ


ಜೂನ್ ೬

ಅಕ್ಕ,

ಎರಡೂ ಕಾಗದ ಓದಿದೆ. ಅಂಚೆಯವನ ಮುಂದೆಯೇ ಒಡೆದು ಓದಿದೆ, ಆಮೇಲೆ ಉತ್ತರ ಬರೆಯಲಾಗಲಿಲ್ಲ.

ಹೋದ ವಾರ ಗಂಟು ತೆಗೆದರು. ಸರ್ಕಾರಿ ಆಸ್ಪತ್ರೆಯಲ್ಲೇ. ನಿನಗೆ ಮೊದಲೇ ಹೇಳಿದ್ದರೆ ನೀನು ಅಮ್ಮನನ್ನು ಎತ್ತಿಕೊಂಡಾದರೂ ಬಂದುಬಿಡುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ಪಕ್ಕದ ಹಾಸಿಗೆಯವನ ಮಗಳು ನನಗೂ ಬಿಸಿನೀರು ತಂದುಕೊಡುತ್ತಿದ್ದಳು. ಹಾಸಿಗೆ ಬಟ್ಟೆ ಇಸ್ತ್ರಿಯಾಗಿರಲಿಲ್ಲ.

ಮಾತು ನಿಲ್ಲಿಸಿದ್ದು ಯಾವಾಗ ಅಂತ ಡಾಕ್ಟರು ಕೇಳಿದರು. ಈ ಸಲ ನಿಜ ಬರೆದೆ, ಏಪ್ರಿಲ್ ಕೊನೆಗೆ ಅಂತ. "ಯಾಕೆ, ಆಗ ಬುದ್ಧಿ ಬಂತಾ?" ಅಂದರು. ಅಕ್ಕ ಬಾಯಿ ಮುಚ್ಚಿಸಿದಳು ಅಂತ ಬರೆದೆ. ಅವರು ನಗಲಿಲ್ಲ. ಒಂದು ಕಡೆ ಗಾಯ ಗಟ್ಟಿಯಾಗಲು ಶುರುವಾಗಿತ್ತಂತೆ. ದನಿ ಬರುತ್ತದೆ ಅಂದಿದ್ದಾರೆ. ಹಳೆಯ ದನಿ ಅಲ್ಲ. ಸ್ವಲ್ಪ ಒರಟಾಗಿ, ಸ್ವಲ್ಪ ಗಾಳಿ ಸೇರಿದ ಹಾಗೆ. ಮೈಕಿಗೆ ಆಗದು, ಮನೆಗೆ ಆಗುತ್ತದೆ ಅಂದರು.

ಸಿಟ್ಟು ಪೂರ್ತಿ ಹೋಗಿಲ್ಲ. ಬಾಯಲ್ಲಿ ಬೈದು ಮುಗಿಸಲು ಆಗದೆ ಒಳಗೇ ಹಳಸಿದೆ. ಅದು ನಿನ್ನ ಮೇಲೋ, ಅವತ್ತು ನಕ್ಕ ಯಜಮಾನರ ಮೇಲೋ ಅಂತ ಈಗ ವಿಂಗಡಿಸಲೂ ಆಗುತ್ತಿಲ್ಲ. ಸುಸ್ತಾಗಿದೆ ಅಕ್ಕ. ಯಜಮಾನರು ಮೊನ್ನೆ ಕೋಣೆಗೆ ಬಂದಿದ್ದರು. ಆ ಹುಡುಗಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲವಂತೆ, ಕೂತು ಕಲಿಸುತ್ತೀಯಾ ಅಂದರು. ಯೋಚಿಸಿ ಹೇಳುತ್ತೇನೆ ಅಂತ ಬರೆದು ಕೊಟ್ಟೆ. ಅವರು ಕನ್ನಡಕ ಮರೆತು ಬಂದಿದ್ದರು.

ನಿನ್ನನ್ನು ತೊಳೆಯುವ ಕಡೆ ಹಾಕಿದ್ದು ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಆ ಬಿಲ್ಲೆಯವನ ವಿಷಯ ನೀನೇ ಬರೆದಿದ್ದೆ.

ಹದಿನೈದರಿಂದ ಮಾತು ಶುರು ಮಾಡಬಹುದಂತೆ. ಮೊದಲ ದಿನ ಐದು ನಿಮಿಷ ಮಾತ್ರ. ಅದನ್ನು ಅಮ್ಮನಿಗೆ ಇಟ್ಟಿದ್ದೇನೆ. ಬೆಳಿಗ್ಗೆ ಫೋನು ಮಾಡುತ್ತೇನೆ.

ನಿನ್ನ ತಮ್ಮ


ಜೂನ್ ೧೦

ತಮ್ಮಾ,

ಕಾಗದ ಸಿಕ್ಕಿತು. ಓದಿದೆ. ಇನ್ನೊಮ್ಮೆ ಓದಿದೆ. ಆಸ್ಪತ್ರೆಯಲ್ಲಿ ಒಬ್ಬನೇ ಇದ್ದೆ ಅನ್ನುವುದನ್ನು ನಾನು ಈಗ ಬರೆಯಲು ಹೋಗುವುದಿಲ್ಲ, ಹೋದರೆ ಈ ಹಾಳೆ ಸಾಲದು. ಆ ಪಕ್ಕದ ಹಾಸಿಗೆಯವನ ಮಗಳಿಗೆ ಒಳ್ಳೆಯದಾಗಲಿ.

ವಕೀಲರಮ್ಮ ಗೆದ್ದರು. ನೀನು ಕೇಳಿರುತ್ತೀಯ. ಭಾನುವಾರ ಮೆರವಣಿಗೆ ಬಂತು, ಮುಂದಿನ ವ್ಯಾನು ಹಾರ್ನಿನದ್ದೇ, ಬ್ಯಾನರ್ ಮಾತ್ರ ಬೇರೆ. ಅದರೊಳಗಿಂದ ನಿನ್ನ ದನಿ ಬಂತು. "ನಿಮ್ಮ ಋಣ ಎಂದಿಗೂ ತೀರದು, ನನ್ನ ಬಂಧುಗಳೇ." ಎಷ್ಟು ಚೆನ್ನಾಗಿತ್ತು ತಮ್ಮಾ, ಒಂದು ಮಡಿಕೆಯಿಲ್ಲ. ಮತ್ತೆ ಶುರು ಮಾಡಿದೆಯೋ ಅಂತ ಹೆದರಿದೆ. ಓಡಿ ಹೋಗಿ ಕೇಳಿದೆ. ಹಾರ್ನು ನಕ್ಕ. "ಅಕ್ಕಾ, ಇದನ್ನ ಫೆಬ್ರುವರಿಯಲ್ಲೇ ಹೇಳ್ಸಿ ಇಟ್ಟಿರ್ತಾರೆ. ಗೆದ್ರೆ ಹಾಕ್ತಾರೆ, ಸೋತ್ರೆ ಬಿಸಾಕ್ತಾರೆ. ನಮ್ ಕಂಟ್ರಾಕ್ಟರಿಗೂ ಒಂದು ಇತ್ತು, ಪಾಪ" ಅಂದ. ಇನ್ನೊಂದು ಸಲ ಹಾಕಪ್ಪಾ, ನಮ್ಮ ಕಿಟಕಿಯ ಹತ್ತಿರ, ಅಂದೆ. ಹಾಕಿದ.

ಬೀಗದ ಕೈಯವನಿಗೆ ಬಿದ್ದದ್ದು ತೀರಾ ಕಡಿಮೆ. ಅಂಗಡಿ ತೆರೆದು ಕೂತಿದ್ದಾನೆ, ಮುಖದಲ್ಲಿ ಏನೂ ಇಲ್ಲ. ಗೋಡೆಯ ಬಿರುಕು ಹಾಗೇ ಇದೆ. ಮೇಲ್ವಿಚಾರಕ ಬಿಲ್ಲೆ ತೆಗೆದಿದ್ದಾನೆ, ನನ್ನನ್ನು ಮಾತ್ರ ಇನ್ನೂ ಇಸ್ತ್ರಿಗೆ ಹಾಕಿಲ್ಲ. ಹಾಕುತ್ತಾನೆ ಬಿಡು. ಹೊಸಬಳು ಎರಡು ಹಾಸಿಗೆ ಬಟ್ಟೆ ಸುಟ್ಟಿದ್ದಾಳೆ.

ಅಮ್ಮನಿಗೆ ಈಗ ಎಲ್ಲ ಹೇಳಿದೆ. ಗಂಟು, ಕತ್ತರಿ, ದನಿ ಬೇರೆಯಾಗುತ್ತದೆ ಅನ್ನುವುದು, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. "ಹುಟ್ಟಿದಾಗ ಒಂದು ದನಿ ಇತ್ತು, ಮೀಸೆ ಬಂದಾಗ ಇನ್ನೊಂದು ಬಂತು. ಆಗೇನು ಗುರ್ತು ಸಿಗ್ಲಿಲ್ವಾ?" ಅಂದಳು. ಆದರೆ ಆಮೇಲೆ ನಾನು ಅಡುಗೆ ಮನೆಯಲ್ಲಿದ್ದಾಗ ಒಬ್ಬಳೇ ಕಿಟಕಿಯ ಹತ್ತಿರ ಕೂತು ಬಂಧುಗಳೇ, ಬಂಧುಗಳೇ ಅಂತ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು, ಒರಟಾಗಿ ಒಂದು ಸಲ, ಗಾಳಿ ಸೇರಿಸಿ ಒಂದು ಸಲ. ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಅಂತ ಕಾಣುತ್ತದೆ.

ಆ ಹುಡುಗಿಗೆ ಕಲಿಸು. ಕೈಸನ್ನೆಯಲ್ಲಿ ಕಲಿಸು, ಸ್ಲೇಟಿನಲ್ಲಿ ಕಲಿಸು, ಮಾತಲ್ಲಿ ಬೇಡ.

ಹದಿನೈದಕ್ಕೆ ರಜೆ ಕೇಳಿದ್ದೇನೆ. ಫೋನು ಚಾರ್ಜಿಗೆ ಈಗಲ್ಲ, ಹಿಂದಿನ ದಿನ ಹಾಕುತ್ತೇನೆ. ಆದರೆ ನಿದ್ದೆ ಬರುತ್ತಿಲ್ಲ, ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಐದು ನಿಮಿಷ ಅಂದಿದ್ದಾರಲ್ಲ, ಅದು ನಿನ್ನ ಬಾಯಿ ಆಡುವ ಹೊತ್ತು ಮಾತ್ರವೋ, ಅಥವಾ ಅಮ್ಮ ಮಾತಾಡುವಾಗ ನೀನು ಸುಮ್ಮನೆ ಕೇಳಿಸಿಕೊಳ್ಳುವುದೂ ಅದರಲ್ಲೇ ಸೇರುತ್ತದೋ? ಹೇಗಿದ್ದೀಯಪ್ಪಾ ಅಂತ ಕೇಳಿ ಮುಗಿಸುವುದಕ್ಕೇ ಅವಳಿಗೆ ಐದು ನಿಮಿಷ ಬೇಕು. ಡಾಕ್ಟರ ಹತ್ತಿರ ಇದೊಂದನ್ನು ಇನ್ನೊಂದು ಸಲ ಸರಿಯಾಗಿ ಕೇಳಿ ತಿಳಿಸು.

ಅಕ್ಕ